ಪೆಂಗ್ವಿನ್ ಲೇಔಟು

(ಆಸ್ಟ್ರೇಲಿಯಾದ ಫಿಲಿಪ್ ದ್ವೀಪ, ಸಮರ್‌ಲ್ಯಾಂಡ್ ಬೀಚು. ಡಿಸೆಂಬರ್ ತಿಂಗಳು. ಮೆಲ್ಬರ್ನಿನಿಂದ ಬಸ್ಸಿನಲ್ಲಿ ಬಂದಿಳಿದ ಬೆಂಗಳೂರಿನ ಪ್ರವಾಸಿ ತಂಡ ಸಮುದ್ರದೆದುರಿನ ಮೆಟ್ಟಿಲುಗಳ ಮೇಲೆ ಕೂತಿದೆ. ರಾಯರು ಮಂಕಿ ಕ್ಯಾಪಿನಲ್ಲಿ, ಸಾವಿತ್ರಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು. ಟೂರ್ ಮ್ಯಾನೇಜರ್ ಮಂಜು ತಲೆ ಎಣಿಸುತ್ತಿದ್ದಾನೆ.)

ರಾಯರು: ಏನ್ ಮಂಜು, ಇಲ್ಲಿ ಬೇಸಿಗೆ ಅಂದ್ರಿ, ಹಲ್ಲು ಕಟಕಟ ಅಂತಿದೆ. ರಾತ್ರಿ ಎಂಟೂವರೆ ಆದ್ರೂ ಬೆಳಕು ಹೋಗಿಲ್ಲ.

ಮಂಜು: ಕತ್ತಲಾಗ್ಲೇಬೇಕು ಸಾರ್. ಬೆಳಕಲ್ಲಿ ದಡಕ್ಕೆ ಬಂದ್ರೆ ಪೆಂಗ್ವಿನ್‌ಗಳಿಗೆ ಹದ್ದಿನ ಕಾಟ.

ಸಾವಿತ್ರಮ್ಮ: ರೀ, ಆ ಫೋನು ಒಳಗಿಡಿ. ಆ ಕಾವಲಿನ ಹುಡುಗಿ ಆಗ್ಲಿಂದ ನಿಮ್ಮನ್ನೇ ನೋಡ್ತಿದಾಳೆ.

ರಾಯರು: ಫೋಟೋ ಇಲ್ದೆ ಊರಲ್ಲಿ ಯಾರು ನಂಬ್ತಾರೆ ಕಣೇ? ಫ್ಲಾಶ್ ಆಫ್ ಮಾಡ್ತೀನಿ.

ಮಂಜು: ಆಫ್ ಮಾಡಿದ್ರೂ ಬಿಡಲ್ಲ ಸಾರ್. ಬೆಳಕಿಗೆ ಅವು ಬೆದರ್ತವೆ.

ಸಾವಿತ್ರಮ್ಮ: ಅಗೋ, ನೊರೆ ಹಿಂದೆ! ಐದು, ಆರು... ಇದೇನಪ್ಪಾ, ಇಷ್ಟೇ ಇಷ್ಟಿವೆ?

ಮಂಜು: ಒಂದಡಿ ಎತ್ತರ, ಒಂದು ಕೆಜಿ ತೂಕ. ಪೆಂಗ್ವಿನ್‌ಗಳಲ್ಲೇ ಚಿಕ್ಕ ಜಾತಿ ಅಮ್ಮಾ.

ಸಾವಿತ್ರಮ್ಮ: ಛತ್ರದ ಊಟದ ಹಾಲ್ ಬಾಗಿಲಲ್ಲಿ ನಿಮ್ಮ ತಮ್ಮನ ಮನೆಯವ್ರು ನಿಂತ ಹಾಗೆ ನಿಂತಿವೆ ನೋಡ್ರೀ, ಯಾರಾದ್ರೂ ಮೊದ್ಲು ಹೋಗ್ಲಿ ಅಂತ. ಅಯ್ಯೋ, ಒಂದು ಹಕ್ಕಿ ಹಾರಿದ್ದೇ ತಡ, ಎಲ್ಲಾ ವಾಪಸ್ ನೀರಿಗೆ!

ರಾಯರು: ಮತ್ತೆ ಬಂದ್ವು. ಓಡ್ತಿವೆ ಓಡ್ತಿವೆ! ಮರಳು ದಾಟಿ ಎಲ್ಲಿಗೆ ಹೋಗ್ತವೆ ಮಂಜು?

ಮಂಜು: ಮೇಲೆ ಅವುಗಳ ಬಿಲ ಇದೆ ಸಾರ್. ಮೊದ್ಲು ಅಲ್ಲೆಲ್ಲ ಜನರ ಮನೆಗಳಿದ್ವು. ದೊಡ್ಡ ಲೇಔಟು. ನಾಯಿ, ನರಿ, ಕಾರು ಅಂತ ಪೆಂಗ್ವಿನ್‌ಗಳು ಸಾಯ್ತಿದ್ವು. 1985ರಲ್ಲಿ ಸರ್ಕಾರ ಇಡೀ ಲೇಔಟನ್ನೇ ಕೊಂಡ್ಕೊಳ್ಳೋದು ಅಂತ ತೀರ್ಮಾನ ಮಾಡ್ತು. ಪೂರ್ತಿ ಮುಗಿದಿದ್ದು 2010ರಲ್ಲಿ.

ರಾಯರು: (ಮಂಕಿ ಕ್ಯಾಪ್ ಕಿತ್ತು) ಏನಂದ್ರಿ? ಜನರನ್ನ ಎಬ್ಬಿಸಿ ಪೆಂಗ್ವಿನ್‌ಗೆ ಸೈಟಾ? ಅದೂ ಸಮುದ್ರದ ಎದುರಿಗೆ?

ಮಂಜು: ದುಡ್ಡು ಕೊಟ್ಟೇ ತಗೊಂಡಿದ್ದು ಸಾರ್. ಮನೆಗಳನ್ನ ತೆಗೆಸಿ, ಗಿಡ ನೆಟ್ಟು, ಗೂಡಿಗೆ ಅಂತ ಮರದ ಪೆಟ್ಟಿಗೇನೂ ಇಟ್ಟಿದಾರೆ.

ರಾಯರು: ಕಟ್ಟಿದ ಮನೆ ಬೇರೆ! ನಾನು ಸೈಟಿಗೆ ಅರ್ಜಿ ಹಾಕಿದಾಗ ತಲೆ ತುಂಬ ಕೂದಲಿತ್ತು ಕಣಯ್ಯಾ.

ಸಾವಿತ್ರಮ್ಮ: ಅವು ಅರ್ಜಿ ಹಾಕ್ಲಿಲ್ಲ, ಅದಕ್ಕೇ ಸಿಕ್ತು. (ಕಟ್ಟೆಯ ಪಕ್ಕ ಬಗ್ಗಿ) ಶ್... ಇಲ್ನೋಡಿ. ಬೆನ್ನು ಎಷ್ಟು ನೀಲಿ! ಮೀನು ತಿಂದು ಹೊಟ್ಟೆ ಭಾರ, ನಾಲ್ಕು ಹೆಜ್ಜೆಗೊಂದ್ಸಲ ನಿಂತು ಸುಧಾರಿಸ್ಕೊಳ್ತಿದೆ. ಅಗೋ, ಪೊದೆಯಿಂದ ಮರಿ ಬಂತು, ಕೊಕ್ಕಿಗೇ ಕೊಕ್ಕು ಹಾಕ್ತು!

ಮಂಜು: ಗಂಡ ಹೆಂಡ್ತಿ ಸರದಿ ಮೇಲೆ ಮೊಟ್ಟೆ ಕಾಯ್ತವೆ ಅಮ್ಮಾ. ಮರಿ ಸರಿಯಾಗಿ ಆಗ್ಲಿಲ್ಲ ಅಂದ್ರೆ ಕೆಲವು ಮುಂದಿನ ವರ್ಷ ಜೋಡಿ ಬದಲಾಯಿಸ್ತವೆ.

ರಾಯರು: ಆಗ ಖಾತೆ ಯಾರ ಹೆಸರಿಗೆ?

(ಪಾರ್ಕಿಂಗ್ ಜಾಗ. ಎಲ್ಲರೂ ಬಸ್ ಹತ್ತಿದ್ದಾರೆ, ರಾಯರೊಬ್ಬರು ಬಿಟ್ಟು.)

ಮಂಜು: ಸಾರ್, ಬಸ್ ಕೆಳಗೇನು ನೋಡ್ತಿದೀರಿ?

ರಾಯರು: ಗಾಡಿ ತೆಗೆಯೋ ಮುಂಚೆ ಕೆಳಗೆ ನೋಡಿ ಅಂತ ಬೋರ್ಡ್ ಹಾಕಿದಾರಲ್ಲಪ್ಪಾ. ನೋಡ್ದೆ. ಒಂದು ಕೂತಿದೆ.

ಸಾವಿತ್ರಮ್ಮ: ಎಬ್ಬಿಸಿ ಮತ್ತೆ, ಹೊತ್ತಾಯ್ತು.

ರಾಯರು: ನಾನಂತೂ ಮುಟ್ಟಲ್ಲ ಕಣೇ. ಸರ್ಕಾರಕ್ಕೆ ಗೊತ್ತಾದ್ರೆ ಈ ಬಸ್ಸನ್ನೂ ಕೊಂಡು ಅದಕ್ಕೇ ಬರೆದುಕೊಡತ್ತೆ!