ಮೇಸ್ತ್ರಿ ನಮ್ಮನ್ನು ಒಪ್ಪಿಕೊಂಡದ್ದು

ಫ್ರಾನ್ಸಿನ ಹಳ್ಳಿಯಲ್ಲಿ ಹಳೆಯ ಕಲ್ಲುಮನೆ ಕೊಳ್ಳುವುದು ಅಂಥ ಕಷ್ಟವೇನಲ್ಲ. ಅದರ ಮಾಡು ಸರಿಮಾಡಲು ಒಬ್ಬ ಮೇಸ್ತ್ರಿ ಮನಸ್ಸು ಮಾಡುವುದಿದೆಯಲ್ಲ, ಅದಕ್ಕೆ ಪೂರ್ವಜನ್ಮದ ಪುಣ್ಯ ಬೇಕು.

ತುಲೂಸಿನಲ್ಲಿ ಕನ್ನಡಿಗರಿಗೆ ಬರವಿಲ್ಲ. ಏರ್‌ಬಸ್ ಅಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ವಿಮಾನದ ರೆಕ್ಕೆ ಬಾಲಗಳ ಲೆಕ್ಕ ಹಾಕುವವರು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಾರೆ. ಬಂದವರು ಮೊದಲು ಬಾಡಿಗೆ ಮನೆ, ಆಮೇಲೆ ಕಾರು, ಆಮೇಲೆ ಫ್ಲಾಟು ಎಂದು ಕ್ರಮವಾಗಿ ಮೇಲೇರುತ್ತಾರೆ. ನಾನೂ ನನ್ನ ಹೆಂಡತಿಯೂ ಫ್ಲಾಟಿನ ಮೆಟ್ಟಿಲು ಬಿಟ್ಟು ನೇರವಾಗಿ ಜೆರ್ಸ್ ಜಿಲ್ಲೆಯ ಒಂದು ಹಳ್ಳಿಗೆ ಹಾರಿದೆವು. ತುಲೂಸಿನಿಂದ ಪಶ್ಚಿಮಕ್ಕೆ ಗಂಟೆಯ ದಾರಿ. ಬಾತುಕೋಳಿ ಮತ್ತು ಬಿಳಿ ಬೆಳ್ಳುಳ್ಳಿಗೆ ಹೆಸರಾದ ಸೀಮೆ. ಸಸ್ಯಾಹಾರಿಗಳಾದ ನಮಗೆ ದಕ್ಕಿದ್ದು ಬೆಳ್ಳುಳ್ಳಿ.

ಮನೆಯ ಬೆಲೆ 70,000 ಯೂರೋ. ಬೆಂಗಳೂರಿನಲ್ಲಿ ಈಗ ಆ ದುಡ್ಡಿಗೆ ಎರಡು ಬೆಡ್‌ರೂಮಿನ ಫ್ಲಾಟು ತೋರಿಸುವವರೂ ಮುಖ ತಿರುಗಿಸುತ್ತಾರೆ. ಇಲ್ಲಿ ಅಷ್ಟಕ್ಕೇ ಎರಡಡಿ ದಪ್ಪದ ಸುಣ್ಣಕಲ್ಲಿನ ಗೋಡೆ, ಓಕ್ ಮರದ ತೊಲೆಗಳು, ಒಂದು ಹಂದಿಗೂಡು, ಜತೆಗೆ ಪಾರಿವಾಳಗಳಿಗೆಂದೇ ಕಟ್ಟಿಸಿದ ಒಂದು ಗೋಪುರ ಸಿಕ್ಕಿತು. ಪಾರಿವಾಳಗಳ ವಾಸ ಗೋಪುರದಲ್ಲಿರಲಿಲ್ಲ, ಮನೆಯೊಳಗಿತ್ತು. ಮಾಡು ಅಷ್ಟರಮಟ್ಟಿಗೆ ತೆರೆದಿತ್ತು.

ಬೆಲೆಯ ಮೇಲೆ ನೋಂದಣಿ ಖರ್ಚು ಶೇ. 7ರಿಂದ 8. ಇದಕ್ಕೆ ನೋಟರಿ ಖರ್ಚು ಎಂದು ಹೆಸರು. ಬಹುಪಾಲು ಹೋಗುವುದು ಸರ್ಕಾರದ ಬೊಕ್ಕಸಕ್ಕೆ, ಬೈಗುಳ ಮಾತ್ರ ನೋಟರಿಗೆ. ಕರಾರಿಗೆ ಸಹಿ ಹಾಕಿದ ಮೇಲೂ ಕೊಳ್ಳುವವರಿಗೆ ಮನಸ್ಸು ಬದಲಿಸಲು ಕಾನೂನು 10 ದಿನ ಕೊಡುತ್ತದೆ, ಕಾರಣ ಹೇಳಬೇಕಾಗಿಲ್ಲ. ಇದನ್ನು ಬಾಯಿತಪ್ಪಿ ಅಮ್ಮನಿಗೆ ಹೇಳಿದ್ದರಿಂದ ಆ ಹತ್ತು ದಿನವೂ ತಿಪಟೂರಿನಿಂದ ಫೋನು. "ಇನ್ನೂ ಟೈಮಿದೆ ಅಲ್ವೇನೋ?" ಅವಳ ತಕರಾರು ಬಾಗಿಲಿನದು. ಮನೆಯ ತಲೆಬಾಗಿಲು ದಕ್ಷಿಣಕ್ಕಿದೆ. ಈ ಸೀಮೆಯಲ್ಲಿ ಮಳೆಗಾಳಿ ಪಡುವಣದಿಂದ ಬೀಸುವುದರಿಂದ ಮನೆಗಳು ಅತ್ತ ಬೆನ್ನು ಹಾಕಿ, ಬಿಸಿಲಿಗೆ ಮುಖ ಕೊಟ್ಟು ದಕ್ಷಿಣಕ್ಕೋ ಮೂಡಣಕ್ಕೋ ನಿಂತಿರುತ್ತವೆ. "ಊರಿಗೆ ಊರೇ ಹೀಗಿದೆಯಮ್ಮ" ಎಂದೆ. "ಅದಕ್ಕೇ ಊರು ಖಾಲಿಯಾಗಿರೋದು" ಎಂದಳು. ಫ್ರಾನ್ಸಿನ ಗ್ರಾಮೀಣ ಜನಸಂಖ್ಯೆಯ ಬಗ್ಗೆ ಇಷ್ಟು ಚುಟುಕಾದ ವಿಶ್ಲೇಷಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮನೆಯ ಇತಿಹಾಸದಷ್ಟೇ ಮುಖ್ಯವಾದದ್ದು ಮನೆಯ ಗುಂಡಿ. ಒಳಚರಂಡಿ ಇಲ್ಲದ ಹಳ್ಳಿಗಳಲ್ಲಿ ಶೌಚದ ಗುಂಡಿಯನ್ನು ಪರೀಕ್ಷಿಸಲೆಂದೇ ಒಂದು ಇಲಾಖೆಯುಂಟು. ಅದರ ಅಧಿಕಾರಿ ಟಾರ್ಚು ಹಿಡಿದು ಬಂದು, ಇಣುಕಿ ನೋಡಿ, ವರದಿ ಬರೆಯುತ್ತಾನೆ. ಗುಂಡಿ ನಿಯಮದಂತಿಲ್ಲವಾದರೆ ಕೊಂಡವರು ಒಂದು ವರ್ಷದೊಳಗೆ ಸರಿಪಡಿಸಬೇಕು. ನಮ್ಮದು ನಿಯಮ ಹುಟ್ಟುವ ಮೊದಲೇ ಹುಟ್ಟಿದ ಗುಂಡಿ. ಸುಮಾರು 10,000 ಯೂರೋ ಅಲ್ಲಿಗೆ ಹೋಯಿತು. ಸಂಜೆ ವಿಡಿಯೋದಲ್ಲಿ ಅಪ್ಪ "ಹೊಸದಾಗಿ ಏನು ಮಾಡಿಸಿದಿರಿ, ತೋರ್ಸು" ಎಂದಾಗ ಹುಲ್ಲಿನ ಮೇಲೆ ಎರಡು ಹಸಿರು ಮುಚ್ಚಳ ತೋರಿಸಿದೆ.

ಅಪ್ಪ ತಿಪಟೂರಿನಲ್ಲಿ ಮನೆ ಕಟ್ಟಿಸಿದವರು. ಅವರ ಬಜೆಟ್ಟಿಗೆ ಒಂದೇ ಪ್ರಶ್ನೆ: "ಚದರಕ್ಕೆ ಎಷ್ಟು ಬೀಳುತ್ತಂತೆ?" ನಮ್ಮ ಒಂದು ಚದರ ಎಂದರೆ ನೂರು ಚದರಡಿ, ಇಲ್ಲಿಯ ಅಳತೆಯಲ್ಲಿ 9.29 ಚದರ ಮೀಟರು. ಹೆಂಡತಿ ಮಾಡಿದ ಎಕ್ಸೆಲ್ ಹಾಳೆಯಲ್ಲಿ ಯೂರೋ, ರೂಪಾಯಿ, ಮೀಟರು ಮೂರಕ್ಕೂ ಅಂಕಣಗಳಿದ್ದವು. ನಾಲ್ಕನೆಯದನ್ನು ಅಪ್ಪನಿಗಾಗಿ ಸೇರಿಸಿದಳು. ಕೊನೆಯ ಸಾಲು "ಇತರೆ", ಶೇ. 15. ಆ ಸಾಲು ಮೊದಲ ಮಳೆಗೇ ಕರಗಿತು.

ಇನ್ನು ಮೇಸ್ತ್ರಿ. ಪಕ್ಕದ ಮನೆಯ ಅಜ್ಜಿ ನಮಗೆ ಬೆಳ್ಳುಳ್ಳಿ ಗೊಂಚಲು ಕೊಟ್ಟರು, ಏಪ್ರಿಕಾಟ್ ಜಾಮು ಕೊಟ್ಟರು, ಕೇಳದೆಯೇ ಮೊಮ್ಮಗನ ಟ್ರ್ಯಾಕ್ಟರು ಕಳಿಸಿ ಮುಳ್ಳುಪೊದೆ ಕೀಳಿಸಿದರು. ಮೇಸ್ತ್ರಿಯ ನಂಬರು ಕೇಳಿದಾಗ ಮಾತ್ರ ಕಿವಿ ಕೇಳಿಸದಾಯಿತು. ಊರಿನ ಮೇಯರು, ಸ್ವತಃ ಸೂರ್ಯಕಾಂತಿ ಬೆಳೆಗಾರ, "ಇದ್ದಾನೆ, ಆದರೆ ಅವನಿಗೆ ಬೆನ್ನುನೋವು" ಎಂದ. ಬೇಕರಿಯಾಕೆ "ಅವನು ಹೊಸ ಕೆಲಸ ಒಪ್ಪುವುದಿಲ್ಲ" ಎಂದಳು. ಒಳ್ಳೆಯ ಮೇಸ್ತ್ರಿಯ ವಿಳಾಸವನ್ನು ಇಲ್ಲಿ ಅಣಬೆ ಏಳುವ ಜಾಗದ ಹಾಗೆ ಮನೆತನದ ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ.

ಕೊನೆಗೆ ಉಪಾಯ ಹೇಳಿಕೊಟ್ಟವನು ಅಂಚೆಯವನು. ಬೆಳಗ್ಗೆ ಏಳಕ್ಕೆ ಕಟ್ಟಡ ಸಾಮಾನಿನ ಅಂಗಡಿಗೆ ಹೋಗಿ ಕಾಫಿ ಮಷಿನ್ನಿನ ಪಕ್ಕ ನಿಲ್ಲಬೇಕು. ಯಾರು ಸಿಮೆಂಟು ಕೊಳ್ಳುತ್ತಾರೆ, ಯಾರು ಸುಣ್ಣ ಕೊಳ್ಳುತ್ತಾರೆ, ಯಾರ ಮುಖ ಕಂಡರೆ ಕೌಂಟರಿನವನು ಹಳೆಯ ಬಾಕಿಯ ಪುಸ್ತಕ ತೆಗೆಯುತ್ತಾನೆ, ನೋಡಬೇಕು. ಸುಣ್ಣ ಕೊಂಡು ಬಾಕಿ ಇಲ್ಲದವನೇ ನಮ್ಮವನು. ಇದಕ್ಕಿಂತ ಒಳ್ಳೆಯ ಆಯ್ಕೆ ಸಮಿತಿ ಜಗತ್ತಿನಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆ ಸಿಕ್ಕವನು ಒಂದು ಶನಿವಾರ ಬಂದ. ಬಂದವನು ಮನೆಯನ್ನು ನೋಡಲಿಲ್ಲ, ನಮ್ಮನ್ನು ನೋಡಿದ. ವರ್ಷವಿಡೀ ಇರುತ್ತೀರೋ, ಆಗಸ್ಟಿಗೆ ಮಾತ್ರವೋ? ಈಜುಕೊಳ ಬೇಕೋ? ಪ್ಲಾಸ್ಟಿಕ್ ಕಿಟಕಿ ಹಾಕಿಸುವ ಯೋಚನೆ ಇದೆಯೋ? ನಾವು ಒಂದೊಂದಕ್ಕೂ ಕೈಕಟ್ಟಿ ಉತ್ತರ ಹೇಳಿದೆವು. ಈಜುಕೊಳ ಬೇಡ ಎಂದಾಗ ಅವನ ಮುಖದ ಗಂಟು ಒಂದಿಷ್ಟು ಸಡಿಲಿತು. ಆಮೇಲೆ ಜೇಬಿನಿಂದ ಚಾಕು ತೆಗೆದು ತೊಲೆಗೆ ಚುಚ್ಚಿದ. ಗೋಡೆಗೆ ಕಿವಿಯಿಟ್ಟು ತಟ್ಟಿದ. ಹೊರಗೋಡೆಯ ಸಿಮೆಂಟ್ ಗಾರೆ ಕಂಡದ್ದೇ ತಡ, ಜಗತ್ತಿನ ಎಲ್ಲ ಮೇಸ್ತ್ರಿಗಳೂ ಆಡುವ ಮಾತು ಆಡಿದ: "ಯಾರು ಈ ಕೆಲಸ ಮಾಡಿದ್ದು?" ಹಳೆಯ ಕಲ್ಲುಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತಿರಬೇಕು; ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ದಾರಿ ಕಟ್ಟುತ್ತದೆ. ತೇವ ಒಳಗೇ ಕೂತು ಗೋಡೆ ಕೊಳೆಯುತ್ತದೆ. ಇಷ್ಟನ್ನೂ ಕೈ ಬೀಸಿ ಬೀಸಿ ಹೇಳುತ್ತಾ ಮೂಲೆಗೆ ಹೋದವನು ಅಲ್ಲಿ ಗಾರೆಯಲ್ಲಿ ಗೀರಿದ್ದ ಒಂದು ಇಸವಿಯನ್ನೂ ಎರಡು ಅಕ್ಷರಗಳನ್ನೂ ಕಂಡು ಸುಮ್ಮನಾದ. 1974. ಅವನ ಅಪ್ಪನ ಕೈ. "ಆ ಕಾಲಕ್ಕೆ ಒಳ್ಳೆಯ ಕೆಲಸವೇ" ಎಂದು ಮೆಲ್ಲಗೆ ಹೇಳಿ ಮುಂದಿನ ಗೋಡೆಗೆ ಹೋದ.

ನಮಗೆ ನಿಜವಾಗಿ ಅಂಕ ಸಿಕ್ಕಿದ್ದು ಅಪ್ಪನಿಂದ. ವಿಡಿಯೋದಲ್ಲಿ ಸುಣ್ಣದ ಮಾತು ಕಿವಿಗೆ ಬಿದ್ದದ್ದೇ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅವನಿಗೆ ಹೇಳೋ, ನಮ್ಮ ತಾತ ತೊಟ್ಟಿಮನೆ ಕಟ್ಟಿಸುವಾಗ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ಹಾಕಿ ಅರೆಸಿದ್ದರು ಅಂತ." ಹೇಳಿದೆ. ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಂಡು, ಒಂದು ಗಾಡಿ ಸುಣ್ಣಕ್ಕೆ ಬೆಲ್ಲ ಎಷ್ಟು ಎಂದು ಕೇಳಿದ. "ಕಣ್ಣಂದಾಜು" ಎಂದರು ಅಪ್ಪ. ಅವನು ಗೌರವದಿಂದ ತಲೆಯಾಡಿಸಿದ. ಅವನದ್ದೂ ಅದೇ ಅಳತೆಯಂತೆ.

ಅಂದಾಜು ಪಟ್ಟಿ ಬರಲು ಎಷ್ಟೋ ವಾರ ಹಿಡಿಯಿತು. ಬಂದದ್ದು ಮಾತ್ರ ಅಚ್ಚುಕಟ್ಟು. ಸಾರುವೆ ಕಟ್ಟಲು ಇಷ್ಟು, ಗಾರೆ ಕೆತ್ತಲು ಇಷ್ಟು, ಕಸ ಸಾಗಿಸಲು ಇಷ್ಟು. ಮಾಡಿನ ಕೆಲಸವೊಂದಕ್ಕೇ 27,400 ಯೂರೋ. ಪುಟದ ಅಡಿಯಲ್ಲಿ ಅವನ 14 ಅಂಕಿಯ ನೋಂದಣಿ ಸಂಖ್ಯೆ, ವಿಮೆಯ ವಿವರ. ನಾನು ನಮ್ಮ ರೂಢಿಯಂತೆ "ಒಂದು ಮಾತು ನೋಡಿ ಹೇಳಿ" ಎಂಬರ್ಥದ ಫ್ರೆಂಚ್ ಬಾಯಿಪಾಠ ಮಾಡಿಕೊಂಡು ಹೋದೆ. ಅವನು ಪೆನ್ಸಿಲ್ ನನ್ನ ಕೈಗೇ ಕೊಟ್ಟು, "ಯಾವುದನ್ನು ತೆಗೆಯೋಣ, ಮಸ್ಯೂ? ನೆತ್ತಿಯ ಹೆಂಚೋ, ದೋಣಿಯೋ?" ಎಂದ. ನಾನು ಸಹಿ ಹಾಕಿ ಶೇ. 30 ಮುಂಗಡ ಕೊಟ್ಟು ಬಂದೆ.

ಅಪ್ಪನಿಗೆ ಇದು ಸರಿಬರಲಿಲ್ಲ. "ಲೇಬರ್ ಮಾತ್ರ ಕೊಡು, ಸಾಮಾನು ನೀನೇ ತಾ. ಇಲ್ಲಾಂದ್ರೆ ಅರ್ಧ ಮರಳು ಅವನ ಮನೆಗೆ ಹೋಗುತ್ತೆ." ಇಲ್ಲಿ ಲೆಕ್ಕ ತಿರುಗಾಮುರುಗಾ. ಹಳೆಯ ಮನೆಯ ರಿಪೇರಿಗೆ ಸಾಮಾನು ಅವನೇ ತಂದು ಹಾಕಿದರೆ ತೆರಿಗೆ ಶೇ. 10, ನಾನೇ ಅಂಗಡಿಯಲ್ಲಿ ಕೊಂಡರೆ ಶೇ. 20. ಮೇಲಾಗಿ, ತಾನು ತರದ ಸಾಮಾನಿಗೆ ಅವನು ಹೊಣೆ ಹೊರುವುದಿಲ್ಲ. ಆ ಹೊಣೆಯೇ ಇಲ್ಲಿ ದುಬಾರಿ ಬಾಬತ್ತು. ಕಟ್ಟಡದ ಭದ್ರತೆಗೆ ಕಟ್ಟಿದವನು ಹತ್ತು ವರ್ಷ ಬಾಧ್ಯ. ನೆಪೋಲಿಯನ್ ಕಾಲದ 1804ರ ಸಂಹಿತೆಯಲ್ಲೇ ಇದರ ಬೇರಿದೆ, 1978ರ ಕಾನೂನು ಅದಕ್ಕೆ ವಿಮೆಯನ್ನು ಕಡ್ಡಾಯ ಮಾಡಿತು. ತಿಪಟೂರಿನ ಮೇಸ್ತ್ರಿಗೆ ವಿಮೆ ಇರಲಿಲ್ಲ. ದಿನಾ ಬೆಳಗ್ಗೆ ಅವನ ಸ್ಕೂಟರು ನಮ್ಮ ಗೇಟಿನ ಮುಂದೆಯೇ ಹಾದು ಹೋಗಬೇಕಾಗಿತ್ತು, ಅಷ್ಟೇ. ಬೇಕಾದರೆ ಬಿಲ್ಲಿನ ಶೇ. 5 ಭಾಗವನ್ನು ಒಂದು ವರ್ಷ ಹಿಡಿದಿಡಲು ಕಾನೂನೇ ಒಪ್ಪುತ್ತದೆ ಎಂದಾಗ ಅಪ್ಪನಿಗೆ ಫ್ರಾನ್ಸಿನ ಮೇಲೆ ಮೊದಲ ಬಾರಿಗೆ ಅಭಿಮಾನ ಹುಟ್ಟಿತು.

ಸಹಿಯಾದ ಮೇಲೆ ಕೆಲಸ ಶುರುವಾಗಬೇಕಲ್ಲ. ಐನೂರು ಮೀಟರಿನೊಳಗೆ ಸಂರಕ್ಷಿತ ಚರ್ಚು ಇದ್ದದ್ದರಿಂದ ಪಾರಂಪರಿಕ ಕಟ್ಟಡಗಳ ಸರ್ಕಾರಿ ವಾಸ್ತುಶಿಲ್ಪಿಯ ಒಪ್ಪಿಗೆ ಬೇಕು, ಹೆಂಚಿನ ಬಣ್ಣದಿಂದ ಕಿಟಕಿ ಬಾಗಿಲಿನ ಬಣ್ಣದವರೆಗೆ. ಒಪ್ಪಿಗೆ ಬಂದ ಮೇಲೆ ರಸ್ತೆಗೆ ಕಾಣುವಂತೆ ಬೋರ್ಡು ನೆಡಬೇಕು. ಎರಡು ತಿಂಗಳು ಅಕ್ಕಪಕ್ಕದವರು ತಕರಾರು ತೆಗೆಯಬಹುದು. ಯಾರೂ ತೆಗೆಯಲಿಲ್ಲ. ಅಷ್ಟರಲ್ಲಿ ಆಗಸ್ಟ್ ಬಂತು. ಆಗಸ್ಟಿನಲ್ಲಿ ಫ್ರಾನ್ಸ್ ಮುಚ್ಚಿರುತ್ತದೆ. ಸೆಪ್ಟೆಂಬರಿನಲ್ಲಿ ಬೇಟೆ ಶುರು. ಮೇಸ್ತ್ರಿಗೆ ಎರಡು ನಾಯಿ, ಒಂದು ಕೋವಿ. ಅಕ್ಟೋಬರಿನಲ್ಲಿ ಕಾಡಿನಲ್ಲಿ ಅಣಬೆ ಏಳುತ್ತದೆ, ಆ ವಾರ ಫೋನ್ ಎತ್ತುವುದಿಲ್ಲ. ನವೆಂಬರ್ ಮಳೆ, ಡಿಸೆಂಬರ್ ಹಬ್ಬ. ಜನವರಿಯಲ್ಲಿ ಅವನಿಗೆ ಬಿಡುವಿತ್ತು, ಸುಣ್ಣಕ್ಕಿರಲಿಲ್ಲ: ಐದು ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದಿಲ್ಲ. ಮೇ ತಿಂಗಳಲ್ಲಿ 1ಕ್ಕೆ ರಜೆ, 8ಕ್ಕೆ ರಜೆ, ಕ್ರಿಸ್ತ ಸ್ವರ್ಗಕ್ಕೇರಿದ ಗುರುವಾರ ರಜೆ. ಗುರುವಾರ ರಜೆಯಾದ ಮೇಲೆ ಶುಕ್ರವಾರ ಒಬ್ಬನೇ ಕೆಲಸ ಮಾಡುವುದು ಯಾರಿಗೂ ಚಂದ ಕಾಣುವುದಿಲ್ಲ. ಇದೆಲ್ಲದರ ನಡುವೆ, ಹೇಳದೆ ಕೇಳದೆ, ಮಾರ್ಚಿಯ ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ವ್ಯಾನು ಬಂದು ನಿಂತಿತು. ಕೆಲಸಕ್ಕೆ ಇಳಿದ ಮೇಲೆ ಅವರ ವೇಗ ನೋಡಿದರೆ ಹೆದರಿಕೆಯಾಗಬೇಕು. ಹನ್ನೆರಡಕ್ಕೆ ಸರಿಯಾಗಿ ಕರಣೆ ಕೆಳಗೆ, ಎರಡಕ್ಕೆ ಸರಿಯಾಗಿ ಮತ್ತೆ ಮೇಲೆ.

ಮಾಡಿನ ಮೇಲಿದ್ದದ್ದು ಅರ್ಧ ಕೊಳವೆಯಾಕಾರದ ಹೆಂಚು. "ನಮ್ಮ ನಾಡಹೆಂಚೇ ಕಣೋ ಇದು!" ಎಂದು ಅಪ್ಪ ಕೂಗಿದರು. ಹೊಸ ಹೆಂಚನ್ನು ಅಂಗಾತ ಕೆಳಗೆ ಹಾಸಿ, ಹಳೆಯದನ್ನು ಬೋರಲು ಮೇಲೆ ಹೊದಿಸುವುದು ಇಲ್ಲಿಯ ಪದ್ಧತಿ. ನೀರು ಹೊಸದರ ಮೇಲೆ ಹರಿಯುತ್ತದೆ, ಕಣ್ಣಿಗೆ ಹಳೆಯದು ಕಾಣುತ್ತದೆ. ಮೇಸ್ತ್ರಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. ಠಣ್ ಎಂದರೆ ಬಲಕ್ಕೆ, ಠಪ್ ಎಂದರೆ ಎಡಕ್ಕೆ. ಫೋನನ್ನು ಹೆಂಚಿನ ರಾಶಿಯ ಮೇಲೆ ನಿಲ್ಲಿಸಿದ್ದೆ. ಅಪ್ಪ ತಿಪಟೂರಿನಿಂದ "ಅದು ಬೇಡ, ಬಿರುಕಿದೆ" ಎಂದು ತೀರ್ಪು ಕೊಡುತ್ತಿದ್ದರು. ಕನ್ನಡ ತಿಳಿಯದ ಮೇಸ್ತ್ರಿ ಬಹುಮಟ್ಟಿಗೆ ಅದಕ್ಕೆ ಬದ್ಧನಾಗಿದ್ದ.

ಹಂದಿಗೂಡಿನ ಮೇಲೆ ಮಾತ್ರ ಚಪ್ಪಟೆ ಹೆಂಚು, ಕಾರ್ಖಾನೆಯ ಅಚ್ಚಿನೊಂದಿಗೆ. ಅಪ್ಪನ ಎದೆ ಉಬ್ಬಿತು: "ಮಂಗಳೂರು ಹೆಂಚು ಅಲ್ಲೀವರೆಗೂ ಹೋಗಿದೆಯಲ್ಲೋ!" ವಿಷಯ ತಲೆಕೆಳಗು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಜಾತಿಯ ಹೆಂಚಿಗೆ ಅಲ್ಸಾಸಿನ ಝಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟು ಪಡೆದರು; ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಇಸವಿ ಸಮೇತ ವಿವರಿಸಿದೆ. ಅಪ್ಪ ಕೇಳಿಸಿಕೊಂಡು, "ಇರಬಹುದು, ಆದರೆ ಮಣ್ಣು ನಮ್ಮದೇ ಒಳ್ಳೇದು" ಎಂದರು.

ಖರ್ಚು ಮೀರಿತೇ ಎಂದು ಎಲ್ಲರೂ ಕೇಳುತ್ತಾರೆ. ಮೇಸ್ತ್ರಿಯಿಂದ ಮೀರಲಿಲ್ಲ. ಸಹಿಯಾದ ಪಟ್ಟಿಗಿಂತ ಒಂದು ಸೆಂಟು ಹೆಚ್ಚು ಅವನು ಕೇಳಲಿಲ್ಲ. ಮೀರಿಸಿದವರು ನಾವು. ಸಾರುವೆ ಕಟ್ಟಿಯೇ ಇದೆಯಲ್ಲ, ಪಾರಿವಾಳದ ಗೋಪುರವನ್ನೂ ಮುಗಿಸೋಣ ಎಂದೆ ನಾನು. ಗೋಡೆ ಒಡೆದೇ ಇದ್ದಾರಲ್ಲ, ಅಡುಗೆಮನೆಗೆ ಇನ್ನೊಂದು ಕಿಟಕಿ ಇರಲಿ ಎಂದಳು ಹೆಂಡತಿ. ಪ್ರತಿಯೊಂದಕ್ಕೂ ಅವನು ಪ್ರತ್ಯೇಕ ಹಾಳೆ ತಂದ, ನಾವು ಪ್ರತ್ಯೇಕ ಸಹಿ ಹಾಕಿದೆವು. ಎಕ್ಸೆಲ್ ಹಾಳೆಯನ್ನು ಯಾರೂ ತೆರೆಯದಿರುವುದು ಈಗ ಮನೆಯ ಅಲಿಖಿತ ನಿಯಮ.

ಹಂದಿಗೂಡಿನ ಮಾಡು ಇನ್ನೂ ಬಾಕಿ ಇದೆ. ಬರುವ ವಸಂತಕ್ಕೆ ನೋಡೋಣ ಎಂದಿದ್ದಾನೆ. ಕಳೆದ ತಿಂಗಳು ಕೆಳಗಿನ ಮನೆಯನ್ನು ಪ್ಯಾರಿಸಿನ ದಂಪತಿ ಕೊಂಡರು. ಒಳ್ಳೆಯ ಜನ. ಒಂದು ಸಂಜೆ ಬಂದು ನಮ್ಮ ಗೋಡೆಯನ್ನು ಸವರಿ ನೋಡಿ, ಎಷ್ಟು ಚಂದದ ಸುಣ್ಣದ ಕೆಲಸ, ಮೇಸ್ತ್ರಿಯ ನಂಬರು ಸಿಗಬಹುದೇ ಎಂದು ಕೇಳಿದರು. ಹೆಂಡತಿ ಒಳಗೆ ಹೋಗಿ ಒಂದು ತಟ್ಟೆ ಚಕ್ಕುಲಿ, ಒಂದು ಗೊಂಚಲು ಬೆಳ್ಳುಳ್ಳಿ ತಂದು ಅವರ ಕೈಗಿಟ್ಟು, "ಪಾಪ, ಅವನಿಗೆ ಬೆನ್ನುನೋವು" ಎಂದಳು.