ಅನಗೋಳದ ಲೆನ್ಸ್ ಕಾಕಾ

ಓಣಿಗೊಬ್ಬರು ಜಾತಕ ನೋಡುವವರು ಇರುತ್ತಾರೆ. ಅನಗೋಳದ ನಾಲ್ಕನೇ ಗೇಟಿನ ಹತ್ತಿರ ಇರುವ ನಮ್ಮ ಕಾಕಾ ನೋಡುವುದು ಕ್ಯಾಮೆರಾದ ಜಾತಕ. ಅಜ್ಜ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಚರ್ಮದ ಕವರಿನ ಕ್ಯಾಮೆರಾ ಸಿಕ್ಕಿತೋ, ಮನೆಮಂದಿ ಕಾಕಾನ ಕಟ್ಟೆಗೆ ಓಡುತ್ತಾರೆ. ಇಂಥದ್ದಕ್ಕೆ ಲಕ್ಷ ರೂಪಾಯಿ ಬರುತ್ತದೆಂದು ಅಳಿಯ ಮೊಬೈಲಿನಲ್ಲಿ ನೋಡಿರುತ್ತಾನೆ.

ಕಾಕಾ ಅವಸರದವರಲ್ಲ. ಮೊದಲು ಚಹಾ. ಆಮೇಲೆ ಕನ್ನಡಕ ಹಣೆಗೇರಿಸಿ, ಲೆನ್ಸನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ.

"ಮ್ಯಾಲಿನ ಹೆಸರು ಏನರೆ ಇರಲಿ ತಮ್ಮಾ, ಕುಲಾ-ಗೋತ್ರ ಲೆನ್ಸಿನ ಬಳಿ ಮ್ಯಾಲೆ ಬರದಿರತೈತಿ."

ಮೊನ್ನೆ ಖಾನಾಪುರದ ಹುಡುಗನೊಬ್ಬ ಝೆನಿತ್ ಕ್ಯಾಮೆರಾ ತಂದಿದ್ದ. ಕಾಕಾ ಲೆನ್ಸನ್ನು ಉಪ್ಪಿನಕಾಯಿ ಡಬ್ಬಿಯ ಮುಚ್ಚಳದಂತೆ ತಿರುವಿ ತೆಗೆದರು. "ಹೀಲಿಯೋಸ್ 44-2. 58 ಮಿಲಿಮೀಟರು, ಪೂರಾ ತಗದ್ರ ಎಫ್ 2. ನಂಬರು 77ರಿಂದ ಸುರು ಆಗೇತಿ, ಅಂದ್ರ 1977ರ ಕೂಸು. ರಷ್ಯಾದಾಗ ಹುಟ್ಟೇತಿ, ಆದ್ರ ವಂಶ ಜರ್ಮನಿದು. ಝೈಸ್‌ನವರ ಬಯೋಟಾರ್ ನೋಡಿ ಮಾಡಿದ್ದು."

"ಎಷ್ಟ ಬರತೈತ್ರಿ ಕಾಕಾ?"

ಕಾಕಾ ಲೆನ್ಸನ್ನು ಬಿಸಿಲಿಗೆ ಹಿಡಿದರು. ಒಳಗೆ ಜೇಡರ ಬಲೆಯಂಥ ಎಳೆಗಳು. "ಫಂಗಸ್. ಖಾನಾಪುರದ ಮಳಿ ಗ್ಲಾಸಿನೊಳಗ ಕುಂತೈತಿ." ಹುಡುಗನ ಲಕ್ಷ ಅಲ್ಲಿಗೇ ಕರಗಿತು.

ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ ಬಂದರೆ ಕಾಕಾನಿಗೆ ಹಬ್ಬ. "ಮ್ಯಾಲಿನ ಲೆನ್ಸು ಅತ್ತಿ, ಬರೇ ನೋಡತಾಳ. ಕೆಳಗಿಂದು ಸೊಸಿ. ಫೋಟೋ ತಗಿಯೋ ಕೆಲಸಾ ಪೂರಾ ಆಕೀದ." ಇದನ್ನು ಹೇಳುವಾಗ ಮಾತ್ರ ಒಳಮನೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ.

ಕಷ್ಟ ಬರುವುದು ಅಗ್ಫಾ ಕ್ಲಿಕ್ ಥ್ರೀ ಬಂದಾಗ. ಹೆಚ್ಚಾಗಿ ಬರುವುದೂ ಅದೇ. ಅಜ್ಜ ಜರ್ಮನಿ ಮಾಲೆಂದು ಹೇಳಿ ಸತ್ತಿರುತ್ತಾರೆ, ಕಾಕಾ "ಹೆಸರಷ್ಟ ಜರ್ಮನಿದು, ಮಾಡಿದ್ದು ಬರೋಡಾದಾಗ, ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು. 120ರ ರೋಲು, 12 ಫೋಟೋ" ಎಂದುಬಿಡುತ್ತಾರೆ. ಹಾಗೆ ಅಜ್ಜನ ಮಾನ ಕಳೆದುಕೊಂಡ ಮನೆಯೊಂದು ಈಗ ಇವರ ಮನೆಯ ಅರಿಷಿಣ-ಕುಂಕುಮಕ್ಕೂ ಬರುತ್ತಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯ ತೆಗೆದ ಒಂದು ಫೋಟೋ ಕೂಡ ಅವರ ಗೋಡೆಯ ಮೇಲಿಲ್ಲ. ಕೇಳಿದೆ. ಉತ್ತರ ಕೊಟ್ಟವರು ಚಹಾ ತಂದ ಕಾಕೂ.

"ಲಗ್ನ ಆದ ವರ್ಷ ಗೋಕಾಕ ಫಾಲ್ಸ್‌ಗೆ ಹೋಗಿದ್ವಿ. ನನ್ನ ಕಲ್ಲಿಂದ ಕಲ್ಲಿಗೆ ನಿಂದರಿಸಿ ತಗದ್ರು. ಮನಿಗೆ ಬಂದು, ರೋಲು ಹಿಂದ ಸುತ್ತದನ ಬಾಗಲಾ ತಗದ್ರು. 36ಕ್ಕ 36 ಹ್ವಾದವು."

ಕಾಕಾ ಸ್ವಲ್ಪ ಹೊತ್ತು ಬಶಿ ನೋಡಿದರು. "ಲೆನ್ಸ್ ಮಾತ್ರ ಛಲೋ ಇತ್ತು," ಎಂದರು.

ನಿಮ್ಮ ಟ್ರಂಕಿನಲ್ಲೂ 35 ಎಂಎಂ ಕ್ಯಾಮೆರಾ ಇದ್ದರೆ, ಮೊದಲು ರೋಲು ಹಿಂದಕ್ಕೆ ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಬಿಗಿ ಬಂದರೆ ಒಳಗೆ ರೋಲಿದೆ. ಅಂಥದ್ದನ್ನು ದಯವಿಟ್ಟು ಕಾಕಾನ ಕೈಗೆ ಕೊಡಬೇಡಿ.