ಡೈರಿಗೆ ವಿದಾಯ

(ಬನಹಟ್ಟಿ. ಪವರ್‌ಲೂಮ್ ನಿಂತರಷ್ಟೇ ಈ ಮನೆಯಲ್ಲಿ ಮಾತು ಕೇಳಿಸುವುದು. ಈಗ ಕರೆಂಟ್ ಹೋಗಿದೆ.)

ಮುತ್ಯಾ: ಏನ್ ಬರ್ಯಾಕತ್ತೀಯೋ?

ಮೊಮ್ಮಗ: ಹಳೇ ಡೈರಿಗೆ ವಿದಾಯ ಭಾಷಣ, ಮುತ್ಯಾ. ಇನ್ನ ಮ್ಯಾಲ ಬರೇ ರೀಲ್ಸ್.

ಮುತ್ಯಾ: ಯಾವ ವರ್ಷದ್ದು?

ಮೊಮ್ಮಗ: 2019.

ಮುತ್ಯಾ: ಅಬಬಾ! ಆಗಸ್ಟ್‌ದಾಗ ಜಮಖಂಡಿ ಹಳ್ಳಿಗೋಳಿಗೆ ಕೃಷ್ಣಾ, ಮುಧೋಳ ಕಡೆ ಘಟಪ್ರಭಾ ನುಗ್ಗಿದ ವರ್ಷ. ಮಂದಿ ದನಾಕರಾ ಹೊಡಕೊಂಡು ಊರ ಬಿಟ್ಟಿದ್ರು. ಓದು, ಓದು.

ಮೊಮ್ಮಗ: "ಮಳೆ. ಬೇಜಾರು. ಮಿರ್ಚಿ ಭಜಿ ತಿಂದೆ."

ಮುತ್ಯಾ: ಮುಂದ?

ಮೊಮ್ಮಗ: "ಬೀಳಗಿಯಲ್ಲಿ ಮದುವೆ. ನೆಟ್‌ವರ್ಕ್ ಇಲ್ಲ. ತೀವ್ರ ನೋವು."

ಮುತ್ಯಾ: ಮುಧೋಳದ ರನ್ನ ಹತ್ತನೇ ಶತಮಾನದಾಗ ಒಂದ ಗದೆ ಹಿಡಕೊಂಡು ಇಡೀ ಕಾವ್ಯ ಬರದ. ನಿನಗ ಎರಡ ನದಿ ಮನಿ ಬಾಗಲಕ್ಕ ಬಂದ್ರೂ ಮಿರ್ಚಿ ದಾಟಾಕ ಆಗಲಿಲ್ಲ.

ಮೊಮ್ಮಗ: ರನ್ನಗ ಚಾಲುಕ್ಯರ ದೊರಿ ಸತ್ಯಾಶ್ರಯ ಇದ್ದ. ನನಗ ಲೈಕ್ ಒತ್ತವರೂ ಇರಲಿಲ್ಲ!

ಮುತ್ಯಾ: ಹಂಗಾರ ರದ್ದಿಯವಗ ಕೊಡು.

ಅವ್ವ (ಒಳಗಿಂದ): ಏ, ತಡೀರಿ! ಹಿಂದಿನ ಹಾಳ್ಯಾಗ ಸೀರಿ ನೇದ ಕೂಲಿ ಲೆಕ್ಕ ಐತಿ. ಸಾವಕಾರ ಇನ್ನೂ ಬಾಕಿ ಕೊಡೂದೈತಿ. ಅಷ್ಟ ಹರಕೊಂಡು ಉಳಿದದ್ದು ತೂಕಕ್ಕ ಹಾಕ್ರಿ.